ಕಾರಿನ ಕೆಳಗಿನ ಸದ್ದು

ಹಳೇ ಗೋಣಿಚೀಲವೊಂದನ್ನು ನೆಲಕ್ಕೆ ಹಾಸಿಕೊಂಡು ಸೋಮೇಶ್ ಕಾರಿನ ಕೆಳಗೆ ತೂರಿದ. ಆ ಸದ್ದು ಎಲ್ಲಿಂದ ಬರುತ್ತಿದೆ ಎಂದು ತಿಳಿಯದೆ ಮುಂಗಡ ಕೊಡಬಾರದೆಂದು ನಿಶ್ಚಯಿಸಿದ್ದ. ಗುಂಡ್ಲುಪೇಟೆ ಸ್ಟ್ಯಾಂಡಿನಲ್ಲಿ ವರ್ಷಗಟ್ಟಲೆ ಬೇರೆಯವರ ಟ್ಯಾಕ್ಸಿ ಓಡಿಸಿ, ಯಜಮಾನನ ಬೈಗುಳ ಕೇಳಿ ಸಾಕಾಗಿದ್ದವನ ಕೈಗೆಟುಕಿದ ಮೊದಲ ಸ್ವಂತ ಗಾಡಿ ಇದು. ಕೈಗೆಟುಕಿದ್ದೇ ಅವನ ಅನುಮಾನಕ್ಕೆ ಕಾರಣ. ಉಡಿಗಾಲದ ಮರಿಮಲ್ಲಪ್ಪ ಎರಡು ವರ್ಷವೂ ಆಗದ ಎಲೆಕ್ಟ್ರಿಕ್ ಕಾರನ್ನು ಅಷ್ಟು ಕಡಿಮೆಗೆ ಬಿಟ್ಟುಕೊಡುತ್ತಾನೆಂದರೆ ಒಳಗೆಲ್ಲೋ ಹುಳುಕಿರಲೇಬೇಕು.

ಬೆಳಗಿನಿಂದ ಆ ಹುಳುಕನ್ನೇ ಹುಡುಕಿದ್ದ. ಪೂರ್ತಿ ಚಾರ್ಜ್ ಮಾಡಿಸಿ, ಚಾಮರಾಜನಗರಕ್ಕೂ ತೆರಕಣಾಂಬಿಗೂ ಓಡಿಸಿಕೊಂಡು ಬಂದು, ಬ್ಯಾಟರಿ ಎಷ್ಟು ಇಳಿದಿದೆ ಎಂದು ನೋಡಿದ. ಸರಿಯಾಗಿಯೇ ಇತ್ತು. ಬ್ಯಾಟರಿ ಪೆಟ್ಟಿಗೆಗೆ ಕಲ್ಲು ಬಡಿದಿದೆಯೇ, ಕಾಲಡಿಯ ಮ್ಯಾಟಿನ ಕೆಳಗೆ ನೀರು ನಿಂತ ಗುರುತಿದೆಯೇ, ಕಂಪನಿಯ ವಾರಂಟಿ ತನ್ನ ಹೆಸರಿಗೆ ಬರುತ್ತದೆಯೇ, ಎಲ್ಲ ಕೇಳಿ ನೋಡಿ ಆಯಿತು. ಗೌರಿ ಹಬ್ಬದಿಂದ ಗಾಡಿ ಕದಲಿಲ್ಲ ಎಂದಾಗ ಎದೆ ಧಸಕ್ಕೆಂದಿತ್ತು. ಹಾಗೆ ನಿಲ್ಲಿಸಿಬಿಟ್ಟರೆ ಬ್ಯಾಟರಿ ಹಾಳಾಗುತ್ತದೆ. ಆದರೆ ಮರಿಮಲ್ಲಪ್ಪ ಅದನ್ನು ಪೂರ್ತಿ ತುಂಬಿಸದೆ, ಪೂರ್ತಿ ಇಳಿಯಲೂ ಬಿಡದೆ ಜೋಪಾನ ಮಾಡಿದ್ದ.

ಪೆಟ್ರೋಲ್ ಗಾಡಿಯಾಗಿದ್ದರೆ ಸೋಮೇಶ್ ಆಕ್ಸಿಲರೇಟರ್ ಒತ್ತಿ, ತಲೆ ಓರೆ ಮಾಡಿ ಎಂಜಿನ್ನಿನ ಸದ್ದು ಕೇಳಿ, ನಿಂತ ನಿಲುವಿನಲ್ಲೇ ಅದರ ಜಾತಕ ಹೇಳಿಬಿಡುತ್ತಿದ್ದ. ಇದರಲ್ಲಿ ಕೇಳುವುದೇನಿದೆ? ಗುಂಡಿ ಒತ್ತಿದರೂ ಸದ್ದಿಲ್ಲ, ಹೊರಟರೂ ಸದ್ದಿಲ್ಲ. ಗಾಜು ಏರಿಸಿ ಕೂತವನಿಗೆ ಹಂಪು ಹತ್ತಿ ಇಳಿದಾಗ ಮಾತ್ರ ಮುಂದುಗಡೆ ಎಲ್ಲೋ ‘ಗಲ್’ ಎಂದು ಕೇಳುತ್ತಿತ್ತು. ಆಕ್ಸಲ್ಲೋ, ಮೋಟರಿನ ಬೋಲ್ಟೋ ಏನಾದರೂ ಆಗಿದ್ದರೆ ಸ್ವಂತ ಗಾಡಿಯ ಆಸೆ ಅಲ್ಲಿಗೇ ಮುಗಿದಂತೆ.

ಕೆಳಗೆ ಮಲಗಿ ಟಾರ್ಚ್ ಬಿಟ್ಟು ನೋಡಿದವನಿಗೆ ನಗು ಬಂತು. ಮುಂದಿನ ಬಂಪರಿನ ಹಿಂದೆ, ಅಡ್ಡಪಟ್ಟಿಗೆ ತಂತಿ ಬಿಗಿದು ಕಟ್ಟಿದ್ದ ಎತ್ತಿನ ಕೊರಳ ಗಂಟೆಸರ. ಹಿತ್ತಾಳೆಯದು, ಸವೆದು ನುಣುಪಾಗಿತ್ತು. ದೃಷ್ಟಿಗೆಂದು ನಿಂಬೆಹಣ್ಣು ಮೆಣಸಿನಕಾಯಿ ಕಟ್ಟುವುದನ್ನು ಕಂಡಿದ್ದ, ಇದನ್ನು ಕಂಡಿರಲಿಲ್ಲ. ಹೊಟ್ಟೆಗೆ ಹಾಲು ಹೊಯ್ದಂತಾಗಿ ಹೊರಗೆ ಬಂದು, ಚೀಲದಿಂದ ಕಟಿಂಗ್ ಪ್ಲೇಯರ್ ತೆಗೆದ.

ಜಗಲಿಯ ಮೇಲೆ ಕೂತಿದ್ದ ಮರಿಮಲ್ಲಪ್ಪ ಇಳಿದು ಬಂದು ಕಾರಿನ ಮುಂದೆ ನಿಂತ.

“ಅದ ಮುಟ್ಬ್ಯಾಡ ಕಣಪ್ಪ. ಬಿಚ್ಚೋದಾದ್ರ ಗಾಡಿ ಕೊಡಕಿಲ್ಲ.”

ಸೋಮೇಶನಿಗೆ ಸಿಟ್ಟು ಬಂತು. ದುಡ್ಡು ಕೊಟ್ಟು ಕೊಂಡ ಮೇಲೆ ಗಾಡಿ ತನ್ನದಲ್ಲವೇ? ಮೈಸೂರಿನವರು, ಕೇರಳದವರು ಹತ್ತುವ ಟ್ಯಾಕ್ಸಿ ಗಲ್‌ಗಲ್ ಎನ್ನುತ್ತಾ ಹೋದರೆ ಜನ ನಗುವುದಿಲ್ಲವೇ? ಇದನ್ನೆಲ್ಲ ಮರ್ಯಾದೆಯಿಂದಲೇ ಹೇಳಿದ. ಮರಿಮಲ್ಲಪ್ಪ ಕದಲಲಿಲ್ಲ. ಹಿಂದೆ ಬಂದವರೂ ಹೀಗೇ ಅಂದರಂತೆ. ಅವರನ್ನೆಲ್ಲ ವಾಪಸು ಕಳಿಸಿ, ಪ್ರತಿ ಸಲವೂ ಬೆಲೆಯನ್ನು ತಾನೇ ಇಳಿಸುತ್ತಾ ಬಂದಿದ್ದನಂತೆ. ಜಗಲಿಯಲ್ಲಿ ಹುರುಳಿ ಆರಿಸುತ್ತಿದ್ದ ಅವನ ಹೆಂಡತಿ ಚಿಕ್ಕಬಸಮ್ಮ ಮೊರ ಕೆಳಗಿಟ್ಟು ಎದ್ದು ಒಳಗೆ ಹೋದಳು. ಆಕೆ ಮರೆಯಾಗುವವರೆಗೂ ಕಾದು ಅವನು ಹೇಳತೊಡಗಿದ.

ಮಗಳ ಮಗಳು ಭಾನು ಗೌರಿ ಹಬ್ಬಕ್ಕೆಂದು ಬಂದಿದ್ದಳು. ಮೂರು ವರ್ಷ ತುಂಬಿರಲಿಲ್ಲ. ಟ್ರ್ಯಾಕ್ಟರ್ ಗುಡುಗಿದರೆ, ಯಾರಾದರೂ ಬೈಕು ಸ್ಟಾರ್ಟ್ ಮಾಡಿದರೆ, ಎಲ್ಲಿದ್ದರೂ ಓಡಿ ಬಂದು ಅಜ್ಜಿಯ ಸೆರಗು ಹಿಡಿಯುತ್ತಿದ್ದಳು. ಅದನ್ನು ಯಾರೂ ಕಲಿಸಿರಲಿಲ್ಲ. ಅವತ್ತು ಕಾರಿನ ಮುಂದೆ, ಬಂಪರಿಗೆ ಬೆನ್ನು ಮಾಡಿ ಕುಕ್ಕರುಗಾಲಲ್ಲಿ ಕೂತು ಮಣ್ಣಿನಲ್ಲಿ ಪುಟ್ಟ ಗೌರಿಯನ್ನು ಮಾಡುತ್ತಿದ್ದಳು. ಸೀಟಿನಲ್ಲಿ ಕೂತ ತಾತನ ಕಣ್ಣಿಗೆ ಅಂಗಳ ಖಾಲಿಯಿತ್ತು.

“ಸ್ಟಾರ್ಟ್ ಆಗೋ ಸದ್ದು ಒಂದು ಕೇಳಿದ್ರ ಮಗ ಓಡ್ಬಂದ್ಬುಡದು ಕಣಪ್ಪ. ಇದು ಸದ್ದೇ ಮಾಡ್ನಿಲ್ಲ. ನಾನೂ ಹಾರನ್ ಒಡಿನಿಲ್ಲ. ನಮ್ಮನೆ ಅಂಗಳದಲ್ಲಿ ಯಾರ್ಗಪ್ಪ ಒಡೀಲಿ ಹಾರನ್ನ?” ಮರಿಮಲ್ಲಪ್ಪ ಬಾನೆಟ್ಟಿನ ಮೇಲೆ ಕೈಯಿಟ್ಟ. “ಎತ್ತು ಮಾರಿದ ಮ್ಯಾಲೆ ಗಂಟೆ ಗೋಡೇಲಿ ಸುಮ್ನ ನೇತಾಡ್ತಿದ್ದೋ. ಈಗ ಬಾಗ್ಲಾಕುದ್ರ ಸಾಕು, ಗಲ್ ಅಂತವ.”

ಬೆಳಗಿನಿಂದ ಈ ಮನುಷ್ಯನನ್ನು ಮೋಸಗಾರನೆಂದು ಅಳೆಯುತ್ತಿದ್ದುದಕ್ಕೆ ಸೋಮೇಶನಿಗೆ ನಾಚಿಕೆಯಾಯಿತು. ಪ್ಲೇಯರನ್ನು ಚೀಲಕ್ಕೆ ಹಾಕಿದ. ಬಿಚ್ಚುವುದಿಲ್ಲ ಎಂದು ಮಾತು ಕೊಟ್ಟು, ಮುಂಗಡವನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟ. ಮರಿಮಲ್ಲಪ್ಪ ಎಣಿಸದೆ ಜೇಬಿಗಿಟ್ಟುಕೊಂಡ.

ಆದರೂ ಒಂದು ವಿಷಯ ಸೋಮೇಶನಿಗೆ ಬಗೆಹರಿದಿರಲಿಲ್ಲ. ಕೇಳಬಾರದು ಎಂದುಕೊಂಡೂ ಕೇಳಿಬಿಟ್ಟ.

“ಅಲ್ಲ ಯಜಮಾನ್ರೆ, ಆವತ್ತಿಂದ ನೀವು ಈ ಗಾಡಿ ಓಡ್ಸೇ ಇಲ್ಲ ಅಂತೀರಿ. ಮತ್ತ ಗಂಟೆ ಯಾಕ ಕಟ್ಟುದ್ರಿ?”

ಮರಿಮಲ್ಲಪ್ಪ ಕಾರಿನ ಕೀಲಿಯನ್ನು ಅವನ ಅಂಗೈಯಲ್ಲಿಟ್ಟ.

“ತಕ್ಕೊಂಡೋಗೋರ ಮನೆ ಮುಂದ ಮಕ್ಳಿರ್ತವಲ್ಲಪ್ಪ.”