ಮೂರನೆಯ ಕೂಗು

ಫೋನಿಗೆ ಬರುವ ಜಾಹೀರಾತು ಕರೆಗಳ ಕಾಟಕ್ಕೆ ಕಡಿವಾಣ ಹಾಕಲು ಸರ್ಕಾರ ಹೊಸ ನಿಯಮದ ಕರಡು ಹೊರಡಿಸಿತ್ತು. ಸಾವಿರಾರು ಮಂದಿ ಒಪ್ಪಿಗೆ ಬರೆದು ಕಳಿಸಿದ್ದರು. ಆಕ್ಷೇಪಣೆ ಬಂದದ್ದು ಒಂದೇ ಒಂದು. ಆಕ್ಷೇಪಿಸಿದವರನ್ನು ಖುದ್ದಾಗಿ ಕರೆಸಿ ಕೇಳಲೇಬೇಕೆಂಬ ಕಟ್ಟಳೆಯನ್ನು ಮನಸ್ಸಿನಲ್ಲೇ ಶಪಿಸುತ್ತ ಅಧಿಕಾರಿ ಕುಳಿತಿದ್ದರು.

“ಇಂದುಮತೀ...” ಜವಾನ ಬಾಗಿಲಲ್ಲಿ ನಿಂತು ಕೂಗಿದ. ಯಾರೂ ಬರಲಿಲ್ಲ. ಮತ್ತೆ ಕೂಗಿದ. ಎದುರಿನ ಬೆಂಚಿನಲ್ಲಿ ಒಬ್ಬರೇ ಕುಳಿತಿದ್ದ ವಯಸ್ಸಾದ ಹೆಂಗಸು, ಮೂರನೆಯ ಸಲ ಕೂಗಿದ ಮೇಲೆ ನಿಧಾನವಾಗಿ ಎದ್ದು ಒಳಗೆ ಬಂದರು. ಮದುವೆಮನೆಗೆ ಹೊರಟವರಂತೆ ರೇಷ್ಮೆ ಸೀರೆ ಉಟ್ಟಿದ್ದರು.

“ಕಿವಿ ಕೇಳ್ಸಲ್ವೇನಮ್ಮ?” ಅಧಿಕಾರಿ ರೇಗಿದರು.

“ಚೆನ್ನಾಗಿ ಕೇಳ್ಸುತ್ತೆ ಸಾರ್. ಮೂವತ್ತು ವರ್ಷ ಟೆಲಿಫೋನ್ ಆಪರೇಟರ್ ಆಗಿದ್ದೆ.”

“ಸರಿ, ಈ ಕರೆಗಳು ನಿಮಗೆ ಬೇಕೇಬೇಕಾ?”

“ಅಯ್ಯೋ, ಬೇಡ ಸಾರ್. ದಿನಾ ಹತ್ತು ಸಲ ‘ಮೇಡಂ, ಸೈಟ್ ಬೇಕಾ’ ಅಂತಾರೆ. ನಿಲ್ಲಿಸಿಬಿಡಿ.”

ಅಧಿಕಾರಿ ಕಡತ ತಿರುವಿದರು. ಹಿಂದಿನ ಎರಡು ಕರಡುಗಳಿಗೂ ಇದೇ ದುಂಡು ಅಕ್ಷರದ ಆಕ್ಷೇಪಣೆ ಬಂದಿತ್ತು.

“ನಿಯಮ ಒಳ್ಳೇದು ಅಂತ ನೀವೇ ಹೇಳ್ತೀರಿ. ಮತ್ತೆ ಆಕ್ಷೇಪಣೆ ಯಾಕಮ್ಮ ಬರೀತೀರಿ?”

ಆಕೆ ಸೆರಗು ಸರಿಮಾಡಿಕೊಂಡರು.

“ನಮ್ಮಕ್ಕ ಹೋದ್ಮೇಲೆ ಬೀದಿಗೆಲ್ಲ ನಾನು ಅಜ್ಜಿ, ಬ್ಯಾಂಕಲ್ಲಿ ಟೋಕನ್ ನಂಬರು. ಒಪ್ಪಿಗೆ ಅಂತ ಬರೆದವರನ್ನ ಇಲ್ಲೂ ಯಾರೂ ಹೆಸರು ಹಿಡಿದು ಕೂಗಲ್ಲವಲ್ಲ ಸಾರ್.”