ಅರ್ಧ ಗಂಟೆಯ ಅಪ್ಪ

ಸತ್ತ ಗಂಡನ ಕುರ್ಚಿಯಲ್ಲಿ ಮೈದುನ ಬಂದು ಕೂತ. ಕಾಲ ಮೇಲೆ ಕಾಲು ಹಾಕಿ, ಗಂಟಲು ಸರಿಮಾಡಿಕೊಂಡು, ಎರಡು ಸಲ ಕೆಮ್ಮಿದ.

"ಅಣ್ಣನ ಕೆಮ್ಮು ಹೀಗೇ ಇತ್ತಲ್ವಾ ಅತ್ತಿಗೆ?"

ಅವಳು ಮುಖ ಆ ಕಡೆ ತಿರುಗಿಸಿಕೊಂಡಳು. ಆಫೀಸಿನ ವಾರ್ಷಿಕೋತ್ಸವದ ನಾಟಕಗಳಲ್ಲಿ ಜೀವಮಾನವಿಡೀ ಬಾಗಿಲು ಕಾಯುವ ಸೇವಕನಾಗಿ ನಿಂತವನಿಗೆ ನಿವೃತ್ತಿಯಾದ ಮೇಲೆ ಮುಖ್ಯ ಪಾತ್ರ ಒಲಿದು ಬಂದಿತ್ತು; ಆ ಸಂಭ್ರಮವನ್ನು ಮುಚ್ಚಿಡಲೂ ಅವನಿಗೆ ಬರುತ್ತಿರಲಿಲ್ಲ. ಅಣ್ಣನ ಕನ್ನಡಕ, ಅಣ್ಣನ ಸ್ವೆಟರು, ಎಲ್ಲ ಏರಿಸಿಕೊಂಡಿದ್ದ. ಇತ್ತ ಅವಳ ಮಗರಾಯ ಗೋಡೆಯ ಮೇಲಿದ್ದ ಅಪ್ಪನ ಫೋಟೋ ಇಳಿಸಿ, ಮಂಚದ ಕೆಳಗೆ ತಳ್ಳಿ, ಕೈ ಕೊಡವಿಕೊಂಡು ಬಂದ.

ಇಷ್ಟಕ್ಕೆಲ್ಲ ಕಾರಣ ಹೊರಗೆ ನಿಂತಿದ್ದ ಕಾರು. ಅದು ಇನ್ನೂ ತೀರಿಕೊಂಡವರ ಹೆಸರಿನಲ್ಲೇ ಇತ್ತು. ನ್ಯಾಯವಾಗಿ ಮಾರಬೇಕೆಂದರೆ ವಾರಸುದಾರರೆಲ್ಲ ಸಹಿ ಹಾಕಬೇಕು. ಎಲ್ಲರೂ ಎಂದರೆ ಮಗಳೂ ಸೇರಿ. ಮಗಳು ಬಂದರೆ ಪಾಲೂ ಬಂತು. ಅದರ ಬದಲು ಅಪ್ಪನನ್ನೇ ಅರ್ಧ ಗಂಟೆ ಬದುಕಿಸಿಬಿಟ್ಟರೆ ಕೆಲಸ ಸಲೀಸು ಎಂದು ಮಗ ತೀರ್ಮಾನಿಸಿದ್ದ. ತಿದ್ದಿ ತಿದ್ದಿ ಚಿಕ್ಕಪ್ಪನ ಕೈಗೆ ಅಪ್ಪನ ಸಹಿಯೂ ಪಳಗಿತ್ತು. ಅಮ್ಮ ಮಾಡಬೇಕಾದದ್ದು ಒಂದೇ, ಕೊಳ್ಳುವವನು ಕೇಳಿದರೆ ಇವರೇ ನಮ್ಮ ಯಜಮಾನರು ಅನ್ನುವುದು.

"ಏನಾದ್ರೂ ಎಡವಟ್ಟು ಮಾಡಿದ್ರೆ ನಿನ್ನ ಮಗಳ ಮನೆಗೇ ಹೊರಡು. ಮತ್ತೆ ಇಲ್ಲಿ ಜಾಗ ಇಲ್ಲ," ಎಂದು ಅವನು ಬೆಳಗ್ಗೆಯೇ ಹೇಳಿಟ್ಟಿದ್ದ.

ಆ ಮಗಳೇ ಕೊನೆಯ ವರ್ಷವಿಡೀ ಎರಡೆರಡು ಬಸ್ಸು ಹತ್ತಿ ಬಂದು, ಇದೇ ಕಾರಿನಲ್ಲಿ ಅಪ್ಪನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದವಳು. ಮಗನಿಗೆ ಆಗ ಎಲ್ಲಿಲ್ಲದ ಕೆಲಸ. ಅಪ್ಪ ಒಂದು ಲೋಟ ನೀರು ಕೇಳಿದರೂ ಫೋನಿನಿಂದ ಕತ್ತೆತ್ತದೆ, "ಅಮ್ಮಾ, ಇವರದ್ದೇನೋ ನೋಡು," ಎನ್ನುವುದೇ ಅವನು ಮಾಡುತ್ತಿದ್ದ ಸೇವೆ.

ಕೊಳ್ಳಲು ಬಂದವನು ಔಷಧಿ ಅಂಗಡಿಯವನು, ಸಾಧು ಮನುಷ್ಯ. ಕಾರನ್ನು ಒಂದು ಸುತ್ತು ಓಡಿಸಿ ನೋಡಿ ಒಪ್ಪಿಕೊಂಡ. ಆದರೆ ಮಾಲೀಕರು ತನ್ನ ಕಣ್ಣೆದುರಿಗೇ ಸಹಿ ಹಾಕಬೇಕು ಎಂದ. ಧಾರಾಳವಾಗಿ ಎನ್ನುತ್ತ ಮಗ ಅವನನ್ನು ಒಳಗೆ ಕರೆತಂದ. ಕಾರಿನ ಬಾಗಿಲನ್ನು ಎರಡು ಸಲ ಬಡಿಯದೆ ಮುಚ್ಚಲು ಬಾರದ ಮೈದುನ, ಅದನ್ನು ಮಗುವಿನ ಹಾಗೆ ಸಾಕಿದ್ದೇನೆ ಎಂದು ಕಣ್ಣೊರೆಸಿಕೊಂಡ.

ಮಗ ಅವನನ್ನೂ ಮೀರಿಸಿದ. ಅಪ್ಪಾ, ಬೆನ್ನಿಗೆ ದಿಂಬು ಕೊಡಲಾ ಎಂದ. ಅಪ್ಪಾ, ಫ್ಯಾನು ಜೋರಾಯಿತೇ ಎಂದ. ನೀರು ತಂದು ಲೋಟವನ್ನು ತಾನೇ ಬಾಯಿಗೆ ಹಿಡಿದ. ಮೈದುನ ಈ ಉಪಚಾರಕ್ಕೆ ಉಬ್ಬಿಹೋಗಿ, ಕಾಲು ತಣ್ಣಗಾಗುತ್ತಿದೆ ಕಣೋ ಎಂದು ಪಾದ ಮುಂದೆ ಚಾಚಿದ. ಮಗ ನೆಲದ ಮೇಲೆ ಕೂತು, ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಕಾಲುಚೀಲ ಹಾಕತೊಡಗಿದ.

ಔಷಧಿ ಅಂಗಡಿಯವನು ಅಮ್ಮನ ಕಡೆ ತಿರುಗಿದ. "ನಾನು ಕರೆದ್ರೆ ನನ್ನ ಮಗ ತಿರುಗಿ ಕೂಡ ನೋಡಲ್ಲ. ಪುಣ್ಯ ಮಾಡಿದ್ರಿ ಅಮ್ಮ. ನಿಮ್ಮ ಯಜಮಾನರನ್ನ ಮಗ ಎಷ್ಟು ಚೆನ್ನಾಗಿ ನೋಡ್ಕೊಳ್ತಾನೆ."

ಮಗ ಕೆಳಗಿನಿಂದಲೇ ಅಮ್ಮನಿಗೆ ಕಣ್ಣಲ್ಲಿ ಸನ್ನೆ ಮಾಡಿದ. ಅವಳು ಸ್ವೆಟರನ್ನು ಸಹಿಸಿಕೊಂಡಿದ್ದಳು, ಕೆಮ್ಮನ್ನೂ ನುಂಗಿಕೊಂಡಿದ್ದಳು. ಈ ಕಾಲುಚೀಲ ಮಾತ್ರ ಗಂಟಲಲ್ಲಿ ಇಳಿಯಲಿಲ್ಲ. ಊದಿಕೊಂಡ ಕಾಲಿಗೆ ಕಾಲುಚೀಲ ಹಾಕಲು ತಾನೇ ಬಗ್ಗಲಾರದೆ, ಮಗ ಆ ಕಡೆ ಹಾದುಹೋಗುವುದನ್ನೇ ಕಾಯುತ್ತ ಗಂಡ ಇದೇ ಕುರ್ಚಿಯಲ್ಲಿ ಕೂತಿರುತ್ತಿದ್ದದ್ದು ನೆನಪಾಯಿತು.

"ಇವರು ನಮ್ಮ ಯಜಮಾನರಲ್ಲಪ್ಪ, ಮೈದುನ," ಎಂದಳು. "ಅವರು ತೀರಿಕೊಂಡು ಮೂರು ತಿಂಗಳಾಯ್ತು. ಕಾರು ಬೇಕಿದ್ರೆ ನನ್ನ ಮಗಳನ್ನೂ ಕೇಳ್ಬೇಕು ನೀವು."

ಮೈದುನನಿಗೆ ನಿಜವಾದ ಕೆಮ್ಮೇ ಬಂತು. ಮಗ ಮಾತ್ರ ವಿಚಲಿತನಾಗಲಿಲ್ಲ; ಕಾಲುಚೀಲವನ್ನು ಹಿಮ್ಮಡಿಯವರೆಗೆ ಎಳೆಯುತ್ತಲೇ, "ಅಮ್ಮನಿಗೆ ಈಚೆಗೆ ಸ್ವಲ್ಪ ಮರೆವು ಸರ್. ಮನಸ್ಸಿಗೆ ಹಚ್ಕೋಬೇಡಿ," ಎಂದು ನಿಟ್ಟುಸಿರು ಬಿಟ್ಟ.

ಔಷಧಿ ಅಂಗಡಿಯವನು ಯಾರನ್ನು ನಂಬಬೇಕೋ ತಿಳಿಯದೆ ಅವರ ಮುಖ ಇವರ ಮುಖ ನೋಡಿದ.

"ಮರೆವೂ ಇಲ್ಲ, ಮಣ್ಣೂ ಇಲ್ಲ," ಎಂದಳು ಅವಳು. "ಇವನು ಅಷ್ಟು ಪ್ರೀತಿಯಿಂದ ಕಾಲುಚೀಲ ಹಾಕ್ತಿದ್ದಾನಲ್ಲ, ಬೇರೆ ಸಾಕ್ಷಿ ಯಾಕೆ? ಅಲ್ಲಿ ಕೂತಿರೋದು ಇವನ ಅಪ್ಪ ಅಲ್ಲ."