ಮಾಸ್ತರರ ಹುಕುಂ

ಇದು ಖರೇ ನಡೆದದ್ದು. ಸುಳ್ಳಾಗಿದ್ದರೆ ಇನ್ನಷ್ಟು ಚಂದ ಮಾಡಿ ಹೇಳಬಹುದಿತ್ತು. ಎಂಬತ್ತಮೂರರ ಬೇಸಿಗೆ. ಖಾನಾಪುರದ ಆಚೆ, ಗಾಡಿ ನಿಲ್ಲುವುದು ಬಿಟ್ಟ ಸಣ್ಣ ಸ್ಟೇಶನ್ನಿನ ಬಾಗಿಲಿಗೆ ಬೆನ್ನು ಕೊಟ್ಟು ಜಮಾಲಸಾಬ ಕೂತಿದ್ದ. ಒಂದು ಕಾಲಕ್ಕೆ ಇಲ್ಲಿ ಗಾಡಿಗೆ ಬಾವುಟ ತೋರಿಸುತ್ತಿದ್ದವನು, ಈಗ ಬೀಗ ಕಾಯುತ್ತಿದ್ದ. ಎದುರಿಗೆ ಹೊಲಿಗೆ ಮಷೀನು ಹೊತ್ತುಕೊಂಡು ಬಂದ ಹೆಂಗಸರು.

"ಕಾಕಾ, ರೇಲ್ವೆ ಸಾಹೇಬ್ರ ಜೀಪು ಖಾನಾಪುರ ಬಿಟ್ಟೈತಂತ," ಎಂದಳು ಬಾಳವ್ವ. "ಒಳಗ ಹೊಲಿಗಿ ಕ್ಲಾಸ್ ನಡದದ್ದು ಕಂಡ್ರ ಕಟ್ಟಡ ಊರಿಗೆ ಬಿಡ್ತಾರ. ಖಾಲಿ ಕಂಡ್ರ ಹಂಚು, ತೊಲಿ ಎಲ್ಲಾ ಬಿಚ್ಚಿ ಲಿಲಾವದಾಗ ಮಾರ್ತಾರ. ಬಾಗಲಾ ತಗೀರಿ."

"ಹುಕುಂ ಇಲ್ಲದ ತಗದ್ರ ನನ್ನ ಪೆನ್ಶನ್ ನಿಲ್ತದ. ನೀ ಸಾಕ್ತಿ ಏನವಾ ನನ್ನ?"

"ಸಾಕ್ತೀನಿ, ರೊಟ್ಟಿ ಹಾಕಿ."

"ನಮ್ಮ ಮನಿಯಾಕಿ ಶಾಹಜಾನಬಿಗೂ?"

"ಆಕಿಗೂ ಹಾಕ್ತೀನಿ, ಏಳ್ರಿ."

ಅವನು ನಗಲಿಲ್ಲ. ಕೀಲಿಕೈ ಹಿಡಿದ ಮುಷ್ಟಿ ಇನ್ನಷ್ಟು ಬಿಗಿಯಾಯಿತು. ದೂರದ ರಸ್ತೆಯಲ್ಲಿ ಧೂಳು ಎದ್ದಿತು. ಬಾಳವ್ವ ಜೊತೆಗೆ ಬಂದಿದ್ದ ತನ್ನ ಮೈದುನ ದುಂಡಪ್ಪನ ಮುಖ ನೋಡಿದಳು. ಬೆಳಗಾವಿ ಕಾಲೇಜಿನಲ್ಲಿ ಪಾಠಕ್ಕಿಂತ ಪ್ರೊಫೆಸರರ ದನಿ ತೆಗೆಯುವುದನ್ನೇ ಹೆಚ್ಚು ಕಲಿತವನು ಅವನು. ಮೆಲ್ಲಗೆ ನೀರಿನ ಟ್ಯಾಂಕಿನ ಹಿಂದೆ ಸರಿದ.

ಮೊದಲು ಕೆಮ್ಮು ಕೇಳಿತು. ಮೂಗಿನಲ್ಲಿ ಹೊರಟು ಗಂಟಲಲ್ಲಿ ಸಿಕ್ಕಿಕೊಳ್ಳುವ ಕೆಮ್ಮು, ಮಿರಜಿಗೆ ವರ್ಗವಾಗಿ ಹೋದ ಹಳೆಯ ಸ್ಟೇಶನ್ ಮಾಸ್ತರರದೇ. ಆಮೇಲೆ ದನಿ: "ಜಮಾಲಸಾಬ, ಬಾಗಲಾ ತಗಿ."

ಜಮಾಲಸಾಬ ತಟ್ಟನೆ ಎದ್ದು ನಿಂತ. ಟ್ಯಾಂಕಿನ ಕಡೆ ತಿರುಗಿಯೂ ನೋಡಲಿಲ್ಲ. ಕೀಲಿ ಜಾರಿತು, ಮತ್ತೆ ಹಾಕಿದ. ಬೀಗ ಕಳಚಿ ನೆಲಕ್ಕೆ ಬಿತ್ತು. ಹೆಂಗಸರು ಒಳಗೆ ನುಗ್ಗಿದರು. ಟಿಕೀಟು ಕಿಟಕಿಯ ಕೆಳಗೆ ಅವರಲ್ಲೊಬ್ಬಳಾದ ಅಖ್ತರಿಯ ಮಷೀನು ಶುರುವಾಗುವುದಕ್ಕೂ ಜೀಪು ಬಂದು ನಿಲ್ಲುವುದಕ್ಕೂ ಸರಿಹೋಯಿತು.

ಸಾಹೇಬರು ಒಳಗೆ ನೋಡಲಿಲ್ಲ. ನೆಲದ ಮೇಲಿನ ಬೀಗ ಎತ್ತಿಕೊಂಡರು.

"ಯಾರ ಹುಕುಂ ಮ್ಯಾಲ ತಗದಿ?"

"ಮಾಸ್ತರದ್ರೀ."

"ಅವರು ತೀರಿಕೊಂಡು ವರ್ಷ ಆತು."

ಮಷೀನುಗಳು ನಿಂತವು. ಟ್ಯಾಂಕಿನ ಹಿಂದೆ ದುಂಡಪ್ಪ ಅದನ್ನು ಕೇಳಿಸಿಕೊಂಡ. ಆ ಸುದ್ದಿ ಅವನಿಗೆ ಗೊತ್ತಿರಲಿಲ್ಲ. ಹೊರಗೆ ಬಂದು ಕೈ ಮುಗಿದ. "ತಪ್ಪು ನಂದ್ರೀ ಸಾಹೇಬ್ರ. ಮಾಸ್ತರ ದನಿ ತಗದಾಂವ ನಾನು. ಕಾಕಾಗ ಮೋಸ ಮಾಡಿದೆ. ಅವರ ಪೆನ್ಶನ್ ಮುಟ್ಟಬ್ಯಾಡ್ರಿ."

ಒಳಗೆ ಯಾರೋ ತಡೆಯಲಾರದೆ ಕಿಸಕ್ಕನೆ ನಕ್ಕರು. ಇನ್ನೊಬ್ಬಳು ಸೆರಗು ಬಾಯಿಗೆ ಒತ್ತಿಕೊಂಡಳು. ಆಗ ಎಲ್ಲರಿಗಿಂತ ಜೋರಾಗಿ, ಚೌಕಟ್ಟು ಹಿಡಿದುಕೊಂಡು ನಕ್ಕವನು ಜಮಾಲಸಾಬ.

"ನನಗ ಮೋಸ? ಮಿರಜಿಗೆ ಹೋಗಿ ಮಾಸ್ತರ ಹೆಣಕ್ಕ ಹೆಗಲು ಕೊಟ್ಟು ಬಂದಾಂವ ನಾನು."

"ಮತ್ತ ಗೊತ್ತಿದ್ದೂ ಯಾಕ ತಗದಿ?" ಸಾಹೇಬರ ದನಿ ಇಳಿದಿತ್ತು.

ಅವನು ಕಣ್ಣೊರೆಸಿಕೊಂಡ. "ನೌಕರಿ ಇರೂತನಕ 'ಏ ಬಾವುಟಾ' ಅಂತನ ಕರದ್ರು ಅವರು. ಆ ದನಿಯಾಗ ನನ್ನ ಹೆಸರು ಕೇಳಿದ್ದು ಇವತ್ತ. ಹ್ಯಾಂಗ ಒಲ್ಲೆ ಅನ್ಲಿ?"

ಸಾಹೇಬರು ಬೀಗವನ್ನು ಟಿಕೀಟು ಕಿಟಕಿಯ ಮೇಲಿಟ್ಟು ಒಳಗೆ ನೋಡಿದರು. "ಮಷೀನು ಯಾಕ ನಿಲ್ಲಿಸೀರಿ? ನಡೀಲಿ."

ಜಮಾಲಸಾಬನಿಗೆ ಅದು ಕೇಳಿಸಿದಂತಿರಲಿಲ್ಲ. ದುಂಡಪ್ಪನ ಹತ್ತಿರ ಬಂದು ನೆಟ್ಟಗೆ ನಿಂತ.

"ಇನ್ನೊಮ್ಮೆ ಕರಿ, ತಮ್ಮಾ."